ಸ್ಪೋರ್ಟ್ಸ್ ಕಾರಿಗೆ ಮೈಲೇಜ್ ಕೇಳಬಾರದಾ?

ಸ್ಪೋರ್ಟ್ಸ್ ಕಾರು ನೋಡಲು ಹೋದವರು "ಮೈಲೇಜ್ ಎಷ್ಟು ಕೊಡುತ್ತೆ?" ಅಂತ ಕೇಳಿದರೆ ಸುತ್ತ ಇದ್ದವರು ನಗುತ್ತಾರೆ. ಇಂಥ ಕಾರಿಗೆ ಆಸೆಪಟ್ಟ ಮೇಲೆ ಪೆಟ್ರೋಲಿನ ಲೆಕ್ಕ ಹಾಕ್ತಾರಾ, ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡ್ತಾರಾ ಅನ್ನುವ ನಗು ಅದು. ಈ ಮಾತು ನನಗೆ ಯಾವತ್ತೂ ಸರಿ ಕಂಡಿಲ್ಲ. ಅಂಕುಶವನ್ನು ಒಂದು ಸಲ ಕೊಂಡರೆ ಮುಗಿಯಿತು. ಪೆಟ್ರೋಲ್ ಆನೆಯ ಮೇವು. ಆನೆ ಮನೆಯಲ್ಲಿ ಇರುವಷ್ಟು ದಿನವೂ ಬೇಕು.

ಹಾಗಂತ ನನ್ನ ಚಿಂತೆ ಪೂರ್ತಿ ದುಡ್ಡಿನದ್ದೂ ಅಲ್ಲ. ವರ್ಷಕ್ಕೆ ಸ್ವಲ್ಪವೇ ಓಡಿಸುವವರಿಗೆ ಟೈರು, ವಿಮೆ, ಸರ್ವಿಸ್ ಇವೇ ಪೆಟ್ರೋಲಿಗಿಂತ ದೊಡ್ಡ ಖರ್ಚು. ಕಾರಿನ ಬೆಲೆ ವರ್ಷ ವರ್ಷ ಇಳಿಯುವುದಂತೂ ಎಲ್ಲಕ್ಕಿಂತ ದೊಡ್ಡದು. ನಾನು ಮೈಲೇಜ್ ಕೇಳುವುದಕ್ಕೆ ಬೇರೆ ಎರಡು ಕಾರಣಗಳಿವೆ. ಕಾರು ಎಷ್ಟು ಕುಡಿಯುತ್ತದೆ ಅನ್ನುವುದರ ಮೇಲೆ ನಾವು ಅದನ್ನು ಎಷ್ಟು ಓಡಿಸುತ್ತೇವೆ ಅನ್ನುವುದು ನಿಂತಿದೆ. ಬೆಳಿಗ್ಗೆ ಎದ್ದಾಗ ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅನ್ನಿಸಿದರೆ ಯೋಚನೆ ಮಾಡದೆ ಕೀ ಎತ್ತಿಕೊಳ್ಳುವಂತಿರಬೇಕು. ಟ್ಯಾಂಕಿನ ಮುಳ್ಳು ನೆನಪಾಗಿ "ಇವತ್ತು ಬೇಡ" ಅನ್ನಿಸಿದರೆ ಆ ಕಾರಿನ ಅರ್ಧ ಸುಖ ಅಲ್ಲಿಗೇ ಹೋಯಿತು. ಇನ್ನೊಂದು ಕಾರಣ, ಕಾರನ್ನು ಎಷ್ಟು ತಲೆ ಓಡಿಸಿ ಕಟ್ಟಿದ್ದಾರೆ ಅನ್ನುವುದು ಈ ಅಂಕಿಯಲ್ಲಿ ಕಾಣುತ್ತದೆ. ತೂಕ, ಗಾಳಿಯ ತಡೆ, ಗೇರು, ಎಂಜಿನ್ ಎಲ್ಲದರ ಗುಣವೂ ದೋಷವೂ ಕೊನೆಗೆ ಬಂದು ಸೇರುವುದು ಇಲ್ಲಿಗೇ.

ಜಾಸ್ತಿ ಕುಡಿದಷ್ಟೂ ಜಾಸ್ತಿ ವೇಗ ಅನ್ನುವ ನಂಬಿಕೆಯನ್ನು ಸುಳ್ಳು ಮಾಡಿದ್ದು ರೇಸಿಂಗೇ. 1984ರಲ್ಲಿ ಫಾರ್ಮುಲಾ ಒನ್ ರೇಸ್ ನಡುವೆ ಪೆಟ್ರೋಲ್ ತುಂಬುವುದನ್ನು ನಿಲ್ಲಿಸಿ, ಇಡೀ ರೇಸಿಗೆ 220 ಲೀಟರ್ ಅಂತ ಮಿತಿ ಹಾಕಿತು. 1986ಕ್ಕೆ ಅದು 195 ಲೀಟರ್ ಆಯಿತು. ಆ ವರ್ಷ ಹಾಕನ್‌ಹೈಮ್‌ನಲ್ಲಿ ಅಲೇನ್ ಪ್ರೋಸ್ಟ್ ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಮುಗಿದು, ಕಾರಿನಿಂದ ಇಳಿದು ಅದನ್ನು ತಳ್ಳುತ್ತಾ ನಡೆದರು. 1988ರಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇದ್ದ ಕಾರುಗಳಿಗೆ ಮಿತಿ 150 ಲೀಟರಿಗೆ ಇಳಿಯಿತು. ಟರ್ಬೊ ಇಲ್ಲದ ಕಾರುಗಳಿಗೆ ಮಿತಿಯೇ ಇರಲಿಲ್ಲ, ಎಷ್ಟು ಬೇಕಾದರೂ ಕುಡಿಯಬಹುದಿತ್ತು. ಆದರೂ ಆ ವರ್ಷದ 16 ರೇಸುಗಳಲ್ಲಿ 15 ಗೆದ್ದಿದ್ದು ಹೋಂಡಾದ ಟರ್ಬೊ ಎಂಜಿನ್ ಇದ್ದ ಮ್ಯಾಕ್‌ಲಾರೆನ್ ಎಂಪಿ4/4. ಕೈಕಟ್ಟಿದ್ದ ಕಾರೇ ಎಲ್ಲರನ್ನೂ ಹಿಂದೆ ಹಾಕಿತು. ಒಂದೊಂದು ಲೀಟರಿನಿಂದ ಎಷ್ಟು ಕೆಲಸ ತೆಗೆಯಬಹುದು ಅಂತ ಕೂತು ಯೋಚಿಸಿದವರು ಅವರೇ.

ಲೆ ಮಾನ್ಸ್‌ನ 24 ಗಂಟೆಗಳ ರೇಸಿನಲ್ಲೂ ಇದೇ ಕಥೆ. 2006ರಲ್ಲಿ ಆಡಿ ಆರ್10 ಡೀಸೆಲ್ ಎಂಜಿನ್ ಹಾಕಿಕೊಂಡು ಬಂದು ಗೆದ್ದಿತು. ಆ ರೇಸನ್ನು ಡೀಸೆಲ್ ಕಾರು ಗೆದ್ದಿದ್ದು ಅದೇ ಮೊದಲು. ಕಡಿಮೆ ಕುಡಿಯುವ ಕಾರು ಇಂಧನ ತುಂಬಿಸಲು ಪಿಟ್‌ಗೆ ಕಡಿಮೆ ಸಲ ಬರುತ್ತದೆ. 24 ಗಂಟೆಯಲ್ಲಿ ಆ ಉಳಿತಾಯ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಇನ್ನು 2014ರಲ್ಲಿ ಫಾರ್ಮುಲಾ ಒನ್ 1.6 ಲೀಟರಿನ ಹೈಬ್ರಿಡ್ ಎಂಜಿನ್ನಿಗೆ ಬಂದಾಗ ಒಂದು ರೇಸಿಗೆ 100 ಕೆಜಿ ಇಂಧನ ಅಂತ ನಿಯಮ ಮಾಡಿದರು. 2017ರಲ್ಲಿ ಮರ್ಸಿಡಿಸ್ ತನ್ನ ಎಂಜಿನ್ ಪರೀಕ್ಷಾ ಕೊಠಡಿಯಲ್ಲಿ ಇಂಧನದ ಶಕ್ತಿಯ ಅರ್ಧಕ್ಕಿಂತ ಜಾಸ್ತಿಯನ್ನು ಕೆಲಸಕ್ಕೆ ತಿರುಗಿಸಿತು ಅಂತ ಹೇಳಿಕೊಂಡಿತು. ನಾವು ರಸ್ತೆಯಲ್ಲಿ ಓಡಿಸುವ ಪೆಟ್ರೋಲ್ ಎಂಜಿನ್ನುಗಳು ತಮ್ಮ ಒಳ್ಳೆಯ ಗಳಿಗೆಯಲ್ಲಿ ಮುಟ್ಟುವುದು 35, 40 ಶೇಕಡಾ. ಉಳಿದ ಹೊತ್ತಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ.

ಸ್ಪೋರ್ಟ್ಸ್ ಕಾರು ಯಾಕೆ ಅಷ್ಟು ಕುಡಿಯುತ್ತದೆ ಅನ್ನುವ ಗುಟ್ಟು ಇರುವುದು ಈ "ಉಳಿದ ಹೊತ್ತಿ"ನಲ್ಲೇ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗಲು ಒಂದು ಸಾಧಾರಣ ಕಾರಿಗೆ ಬೇಕಾಗುವುದು ಹೆಚ್ಚೂಕಡಿಮೆ 20 ಹಾರ್ಸ್‌ಪವರ್. ಹೌದು, ಇಪ್ಪತ್ತೇ. ಬಾನೆಟ್ ಕೆಳಗೆ 400 ಹಾರ್ಸ್‌ಪವರ್ ಇದ್ದರೆ ಅದರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕೆಲಸ ಮಾಡುತ್ತಿರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಇಂಥ ಅರೆಬರೆ ಕೆಲಸ ಒಗ್ಗುವುದಿಲ್ಲ. ಶಕ್ತಿ ಕಡಿಮೆ ಸಾಕು ಅಂದಾಗ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಅನ್ನುವ ಬಾಗಿಲು ಮುಚ್ಚಿಕೊಳ್ಳುತ್ತದೆ, ಪಿಸ್ಟನ್ನುಗಳು ಆ ಸಣ್ಣ ಸಂದಿನಿಂದ ಗಾಳಿಯನ್ನು ಕಷ್ಟಪಟ್ಟು ಎಳೆಯಬೇಕಾಗುತ್ತದೆ. ಆ ಎಳೆದಾಟಕ್ಕೇ ಪೆಟ್ರೋಲ್ ಸುಡುತ್ತದೆ. ಎಂಟೋ ಹತ್ತೋ ಸಿಲಿಂಡರ್‌ಗಳ ಒಳಗಿನ ತಿಕ್ಕಾಟ ಬೇರೆ. ಸಿಗ್ನಲ್‌ನಲ್ಲಿ ನಿಂತಾಗಲೂ ಆ ತಿಕ್ಕಾಟಕ್ಕೆ ಮೇವು ಹಾಕುತ್ತಲೇ ಇರಬೇಕು. ದೊಡ್ಡ ಎಂಜಿನ್ನಿನ ಕಾರು ಊರೊಳಗೆ ಬಾಯಿ ಬಿಡುವುದು ಇದಕ್ಕೇ.

ಹೆದ್ದಾರಿಯಲ್ಲಿ ಮಾತ್ರ ಕೆಲವು ದೊಡ್ಡ ಎಂಜಿನ್ನುಗಳು ಅಚ್ಚರಿ ಹುಟ್ಟಿಸುತ್ತವೆ. 2014ರ ಶೆವ್ರೊಲೆ ಕಾರ್ವೆಟ್ಟನ್ನೇ ನೋಡಿ. 6.2 ಲೀಟರಿನ ವಿ8, 455 ಹಾರ್ಸ್‌ಪವರ್. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಅದರ ಹೆದ್ದಾರಿ ಅಂಕಿ ಲೀಟರಿಗೆ 12 ಕಿ.ಮೀ. ದಾಟಿತು. ಮೇಲಿನ ಗೇರು ತುಂಬಾ ಉದ್ದ, ಎಂಜಿನ್ ನಿಧಾನವಾಗಿ ತಿರುಗುತ್ತದೆ. ಶಕ್ತಿ ಬೇಡದಿದ್ದಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಕೆಲಸ ನಿಲ್ಲಿಸುತ್ತವೆ. ಊರೊಳಗಿನ ಅಂಕಿ ಮಾತ್ರ 7ರ ಆಸುಪಾಸು. ಒಂದೇ ಕಾರು, ಎರಡು ರಸ್ತೆ, ನಡುವೆ ಇಷ್ಟು ಅಂತರ.

ಇದರ ಪಕ್ಕದಲ್ಲಿ ಮಜ್ಡಾ ಆರ್‌ಎಕ್ಸ್-8 ಇಟ್ಟು ನೋಡಿ. ಅದರ ರೋಟರಿ ಎಂಜಿನ್ (ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವಂಥದ್ದು) ಬರೀ 1.3 ಲೀಟರ್. ಓದಿದವರಿಗೆ "ಅಬ್ಬಾ, ಪುಟ್ಟ ಎಂಜಿನ್, ಕಡಿಮೆ ಕುಡಿಯಬಹುದು" ಅನ್ನಿಸುತ್ತದೆ. ನಿಜ ಏನೆಂದರೆ ಹೆದ್ದಾರಿಯಲ್ಲೂ ಅದರ ಸರ್ಕಾರಿ ಅಂಕಿ ಲೀಟರಿಗೆ 10 ಕಿ.ಮೀ. ಆಸುಪಾಸಿನಲ್ಲೇ ಉಳಿಯಿತು. ಅದೇ ಕಾಲದ 6.2 ಲೀಟರ್ ಕಾರ್ವೆಟ್ 11 ಕೊಡುತ್ತಿತ್ತು. ರೋಟರಿಯಲ್ಲಿ ಪೆಟ್ರೋಲ್ ಉರಿಯುವ ಜಾಗ ಉದ್ದಕ್ಕೆ, ಚಪ್ಪಟೆಯಾಗಿ ಇರುತ್ತದೆ. ಶಾಖವೆಲ್ಲ ಗೋಡೆಗೆ ಹೋಗುತ್ತದೆ, ಉರಿಯೂ ಪೂರ್ತಿ ಆಗುವುದಿಲ್ಲ. ಒಳಗಿನ ಸೀಲುಗಳಿಗೆ ಅಂತ ಎಂಜಿನ್ ಆಯಿಲ್ಲನ್ನೂ ಸ್ವಲ್ಪ ಸ್ವಲ್ಪ ಸುಡುತ್ತದೆ. ಹಾಗಿದ್ದೂ ಅದರ ತಿರುಗುವಿಕೆಯ ನುಣುಪು, ಆ ಎಂಜಿನ್ನಿನ ಸದ್ದು ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಮನಸಾರೆ ಪ್ರೀತಿಸಿ ಕೊಳ್ಳುವವರನ್ನು ಕಂಡರೆ ನನಗೆ ಗೌರವ ಇದೆ. ಏನು ಕೊಟ್ಟು ಏನು ಪಡೆಯುತ್ತಿದ್ದೇವೆ ಅಂತ ಗೊತ್ತಿದ್ದು ಕೊಳ್ಳಬೇಕು, ಅಷ್ಟೆ. ಎಂಜಿನ್ ಎಷ್ಟು ಸಿಸಿ ಅಂತ ನೋಡಿ ಬಾಯಾರಿಕೆ ಅಳೆಯಲು ಆಗುವುದಿಲ್ಲ.

ತೂಕದ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲಿಸುವುದು ಕಷ್ಟ. ಒಂದು ಪುಟ್ಟ ಲೆಕ್ಕ ಹಾಕೋಣ. 1,500 ಕೆಜಿ ತೂಕದ ಕಾರನ್ನು ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಒಯ್ದರೆ ಅದರಲ್ಲಿ ತುಂಬಿಕೊಳ್ಳುವ ಚಲನೆಯ ಶಕ್ತಿ ಸುಮಾರು 0.58 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 32 ಮೆಗಾಜೂಲ್. ಅದರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ ಚಕ್ರಕ್ಕೆ ತಲುಪುತ್ತದೆ ಅಂತ ಇಟ್ಟುಕೊಂಡರೆ, ಆ ಒಂದು ಓಟಕ್ಕೆ ಬೇಕಾದದ್ದು ಸುಮಾರು 60 ಮಿಲಿಲೀಟರ್. 1,000 ಕೆಜಿ ಕಾರಿಗೆ ಅದೇ ಓಟ 40 ಮಿಲಿಲೀಟರಿನಲ್ಲಿ ಮುಗಿಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಆ ಶಕ್ತಿಯೆಲ್ಲ ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಶುರು. ತಿರುವುಗಳಿರುವ ರಸ್ತೆಯಲ್ಲಿ ಇದು ನೂರಾರು ಸಲ ಆಗುತ್ತದೆ. ಖುಷಿಗಾಗಿ ಓಡಿಸುವುದು ಅಂದರೆ ಇದೇ ತಾನೇ, ಏರಿಸುವುದು, ಇಳಿಸುವುದು, ತಿರುಗಿಸುವುದು. ಹಾಗಾಗಿ ತೂಕ ಕಡಿಮೆ ಇದ್ದರೆ ಖುಷಿ ಕಮ್ಮಿ ಆಗದೆ ಖರ್ಚು ಕಮ್ಮಿ ಆಗುತ್ತದೆ.

ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಇದನ್ನೇ ಬದುಕಿಡೀ ನಂಬಿದ್ದರು. ಶಕ್ತಿ ಸೇರಿಸುವ ಮುಂಚೆ ತೂಕ ತೆಗೆಯುವುದು ಅವರ ದಾರಿ. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1996ರಲ್ಲಿ ಬಂದ ಲೋಟಸ್ ಎಲೀಸ್ ಅದೇ ದಾರಿಯ ಕೂಸು. ತೂಕ ಸುಮಾರು 725 ಕೆಜಿ. ಎಂಜಿನ್ ಒಂದು ಮಾಮೂಲಿ 1.8 ಲೀಟರ್ ರೋವರ್, 118 ಹಾರ್ಸ್‌ಪವರ್. ಅಷ್ಟರಲ್ಲೇ ಸುಮಾರು ಆರು ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟುತ್ತಿತ್ತು. ಮಜ್ಡಾ ಎಂಎಕ್ಸ್-5 ಕೂಡ ಈ ಜಾತಿಯದ್ದೇ. 1989ರಲ್ಲಿ ಬಂದಿದ್ದು, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು. 2015ರ ನಾಲ್ಕನೇ ತಲೆಮಾರಿನಲ್ಲೂ ಹಗುರ ಮಾದರಿಯ ತೂಕವನ್ನು ಒಂದು ಟನ್ನಿನ ಹತ್ತಿರ ಹಿಡಿದಿಟ್ಟರು. ಸುರಕ್ಷತೆಯ ಸಾಮಾನು, ಏರ್‌ಬ್ಯಾಗು ಎಲ್ಲ ಸೇರಿಸಿಯೂ ಇದನ್ನು ಮಾಡುವುದು ಸುಲಭವಲ್ಲ. ಎರಡು ಲೀಟರ್ ಎಂಜಿನ್ನಿನ ಎಂಎಕ್ಸ್-5 ಊರು, ಹೆದ್ದಾರಿ ಎರಡೂ ಸೇರಿ ಲೀಟರಿಗೆ 12 ಕಿ.ಮೀ. ಆಸುಪಾಸು ಕೊಡುತ್ತದೆ. ಹಗುರ ಕಾರಿಗೆ ಸಣ್ಣ ಬ್ರೇಕು ಸಾಕು, ಕಿರಿದಾದ ಟೈರು ಸಾಕು, ಅವೂ ಬೇಗ ಸವೆಯುವುದಿಲ್ಲ. ಒಂದು ಉಳಿತಾಯ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಗಾಳಿಯ ಲೆಕ್ಕ ಬೇರೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. 100 ಕಿ.ಮೀ. ವೇಗದಲ್ಲಿ 20 ಹಾರ್ಸ್‌ಪವರ್ ಸಾಕಾಗಿದ್ದ ಕಾರಿಗೆ 200ರಲ್ಲಿ ನೂರಕ್ಕಿಂತ ಜಾಸ್ತಿ ಬೇಕು. ಇದರ ತುತ್ತತುದಿಯಲ್ಲಿ ಇರುವುದು 2005ರ ಬುಗಾಟಿ ವೇರಾನ್. ಎಂಟು ಲೀಟರ್, 16 ಸಿಲಿಂಡರ್, ನಾಲ್ಕು ಟರ್ಬೊ, 1,001 ಹಾರ್ಸ್‌ಪವರ್. ಗಂಟೆಗೆ 407 ಕಿ.ಮೀ. ವೇಗದಲ್ಲಿ ಓಡಿದರೆ ಅದರ 100 ಲೀಟರ್ ಟ್ಯಾಂಕು ಹನ್ನೆರಡೇ ನಿಮಿಷಕ್ಕೆ ಖಾಲಿ. ಅಂದರೆ ಒಂದು ಲೀಟರಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ನಾವ್ಯಾರೂ ಆ ವೇಗಕ್ಕೆ ಹೋಗುವವರಲ್ಲ, ಆದರೆ 100ರಿಂದ 130ಕ್ಕೆ ಹೋದಾಗ ಆಗುವುದೂ ಇದೇ ಲೆಕ್ಕ. ಗಾಳಿ ಸೀಳುವ ಕೆಲಸಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕಾಗುತ್ತದೆ. ಹಿಂದೆ ದೊಡ್ಡ ರೆಕ್ಕೆ ಕಟ್ಟಿಸಿದರೆ ಅದು ಗಾಳಿಗೆ ಇನ್ನಷ್ಟು ಅಡ್ಡ ನಿಲ್ಲುತ್ತದೆ. ಲ್ಯಾಂಬೊರ್ಗಿನಿ ಕೌಂಟಾಕ್‌ಗೆ ಹಾಕಿಸುತ್ತಿದ್ದ ಆ ಹೆಸರುವಾಸಿ ರೆಕ್ಕೆ ಕಾರಿನ ಗರಿಷ್ಠ ವೇಗವನ್ನು ಇಳಿಸುತ್ತಿತ್ತು. ಟ್ರ್ಯಾಕಿಗೆ ಹೋಗದವರು ರೆಕ್ಕೆಯ ಆಸೆ ಬಿಡುವುದು ಒಳ್ಳೆಯದು. ವೇಗಕ್ಕೆ ತಕ್ಕಂತೆ ತಾನೇ ಎದ್ದು ತಾನೇ ಮಲಗುವ ಸ್ಪಾಯ್ಲರ್ ಇದ್ದರೆ ಅದು ಜಾಣತನ.

ಈಗ ನಾನು ಎಲ್ಲರಿಗೂ ಹೇಳಲೇಬೇಕು ಅಂದುಕೊಂಡಿರುವ ವಿಷಯ. "ಲೀಟರಿಗೆ ಎಷ್ಟು ಕಿ.ಮೀ." ಅನ್ನುವ ಅಳತೆ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ ಅಂತ ಇಟ್ಟುಕೊಳ್ಳಿ. ನಿಮ್ಮ ಮುಂದೆ ಎರಡು ಸ್ಪೋರ್ಟ್ಸ್ ಕಾರುಗಳಿವೆ. ಒಂದು ಲೀಟರಿಗೆ 5 ಕೊಡುತ್ತದೆ, ಇನ್ನೊಂದು 6. "ಒಂದು ಕಿಲೋಮೀಟರ್ ತಾನೇ, ಏನು ಮಹಾ" ಅನ್ನಿಸುತ್ತದೆ ಅಲ್ವಾ? ಮೊದಲನೆಯದಕ್ಕೆ ವರ್ಷಕ್ಕೆ 2,400 ಲೀಟರ್ ಬೇಕು, ಎರಡನೆಯದಕ್ಕೆ 2,000. ಉಳಿದದ್ದು 400 ಲೀಟರ್. ಈಗ ಎರಡು ಮಾಮೂಲಿ ಕಾರು ನೋಡಿ. ಒಂದು 15 ಕೊಡುತ್ತದೆ, ಇನ್ನೊಂದು 20. ಐದು ಕಿಲೋಮೀಟರ್ ವ್ಯತ್ಯಾಸ, ಜನ ಮುಗಿಬಿದ್ದು ಎರಡನೆಯದನ್ನೇ ಕೊಳ್ಳುತ್ತಾರೆ. ಒಂದಕ್ಕೆ 800 ಲೀಟರ್, ಇನ್ನೊಂದಕ್ಕೆ 600. ಉಳಿದದ್ದು 200 ಮಾತ್ರ. ಆ ಒಂದು ಕಿಲೋಮೀಟರ್ ಈ ಐದು ಕಿಲೋಮೀಟರಿನ ಎರಡರಷ್ಟು ಉಳಿಸಿತು!

2008ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಸೈನ್ಸ್ ಪತ್ರಿಕೆಯಲ್ಲಿ ಇದೇ ಭ್ರಮೆಯ ಬಗ್ಗೆ ಬರೆದರು. ಅಲ್ಲಿ ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನುವುದು ರೂಢಿ. ಆ ಅಂಕಿ ನೋಡಿದ ಜನ ಉಳಿತಾಯವನ್ನು ತಪ್ಪಾಗಿ ಅಂದಾಜು ಮಾಡುತ್ತಾರೆ ಅಂತ ಅವರು ತೋರಿಸಿದರು. ಯುರೋಪಿನಲ್ಲಿ ಬಳಸುವ "100 ಕಿ.ಮೀ.ಗೆ ಎಷ್ಟು ಲೀಟರ್" ಅನ್ನುವ ಅಳತೆಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ 5 ಅನ್ನುವುದು 20 ಆಗುತ್ತದೆ, 6 ಅನ್ನುವುದು 16.7 ಆಗುತ್ತದೆ. ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಲೆಕ್ಕ ತುಂಬಾ ಸುಲಭ, ನೂರನ್ನು ಮೈಲೇಜಿನಿಂದ ಭಾಗಿಸಿದರೆ ಆಯಿತು.

ಅಂದರೆ, ಸ್ಪೋರ್ಟ್ಸ್ ಕಾರಿಗೆ ಮೈಲೇಜ್ ಕೇಳಬಾರದು ಅನ್ನುವ ಮಾತು ಪೂರಾ ಉಲ್ಟಾ. ಕಡಿಮೆ ಕುಡಿಯುವ ಕಾರಿನಲ್ಲಿ ಒಂದೆರಡು ಕಿಲೋಮೀಟರ್ ಆಚೀಚೆ ಆದರೆ ಅಂಥದ್ದೇನೂ ಆಗುವುದಿಲ್ಲ. ಜಾಸ್ತಿ ಕುಡಿಯುವ ಕಾರಿನಲ್ಲೇ ಅರ್ಧ ಕಿಲೋಮೀಟರಿಗೂ ಬೆಲೆ ಇದೆ. ಹೊಗೆಯ ಲೆಕ್ಕವೂ ಹಾಗೆಯೇ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ 400 ಲೀಟರ್ ಅಂದರೆ 900 ಕೆಜಿಗಿಂತ ಜಾಸ್ತಿ. ಖುಷಿಗಾಗಿ ಓಡಿಸುವ ಕಾರಿನಲ್ಲಿ ಇದು ನನ್ನ ಮನಸ್ಸಿಗೆ ತಾಗುವ ವಿಷಯ. ಓಡಿಸುವುದನ್ನು ಬಿಡಲು ನನಗೆ ಆಗುವುದಿಲ್ಲ. ಅದೇ ಖುಷಿ ಕಡಿಮೆ ಸುಟ್ಟು ಸಿಗುವುದಾದರೆ ಅದನ್ನೇ ಹುಡುಕುತ್ತೇನೆ.

ಕಂಪನಿ ಹೇಳುವ ಅಂಕಿಯನ್ನು ಎಷ್ಟು ನಂಬಬೇಕು? ಯಾವ ಪರೀಕ್ಷೆಯದ್ದು ಅನ್ನುವುದರ ಮೇಲಿದೆ. ಯುರೋಪಿನ ಹಳೆಯ ಪರೀಕ್ಷೆ ಎನ್‌ಇಡಿಸಿ 20 ನಿಮಿಷದ್ದು, ದೂರ 11 ಕಿ.ಮೀ., ತುಂಬಾ ಮೆತ್ತಗೆ ಓಡಿಸುವಂಥದ್ದು. 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ 30 ನಿಮಿಷದ್ದು, ದೂರ 23 ಕಿ.ಮೀ., ವೇಗ 131ರ ತನಕ ಏರುತ್ತದೆ. ಹಾಗಾಗಿ 2016ರ ಕಾರಿನ ಅಂಕಿಯನ್ನೂ 2020ರ ಕಾರಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಸ್ಪೋರ್ಟ್ಸ್ ಕಾರುಗಳಲ್ಲಿ ಇನ್ನೂ ಹುಷಾರಾಗಿರಬೇಕು. 2014ರಲ್ಲಿ ಬಂದ ಬಿಎಂಡಬ್ಲ್ಯು ಐ8ಗೆ ಹಳೆಯ ಯುರೋಪಿಯನ್ ಪರೀಕ್ಷೆ ಕೊಟ್ಟ ಅಂಕಿ 100 ಕಿ.ಮೀ.ಗೆ 2.1 ಲೀಟರ್. ಬ್ಯಾಟರಿ ಖಾಲಿಯಾದ ಮೇಲೆ ಅದೇ ಕಾರು ಅಮೆರಿಕದ ಪರೀಕ್ಷೆಯಲ್ಲಿ ಕುಡಿದದ್ದು 8.4 ಲೀಟರ್. ನನ್ನ ಕೇಳಿದರೆ ಆ ಎರಡನೇ ಅಂಕಿಯೇ ದೊಡ್ಡ ಸಾಧನೆ. ಅಂಥ ಓಟದ ಕಾರು ಲೀಟರಿಗೆ ಹತ್ತಿರ ಹತ್ತಿರ 12 ಕೊಡುವುದು ಸಣ್ಣ ಮಾತಲ್ಲ. ಮೊದಲನೆಯದು ನಿಮ್ಮ ಪ್ರತಿ ಓಡಾಟ ಎಷ್ಟು ಉದ್ದ, ಪ್ರತಿ ರಾತ್ರಿ ಚಾರ್ಜ್ ಹಾಕುತ್ತೀರಾ ಅನ್ನುವುದರ ಮೇಲೆ ನಿಂತ ಅಂಕಿ.

ಪರೀಕ್ಷೆಗೆ ತಕ್ಕಂತೆ ಕಾರನ್ನೇ ಬಗ್ಗಿಸಿದ್ದೂ ಉಂಟು. 1989ರಿಂದ ಮ್ಯಾನುಯಲ್ ಕಾರ್ವೆಟ್ಟುಗಳಲ್ಲಿ ಒಂದು ಏರ್ಪಾಡು ಇತ್ತು. ಮೆಲ್ಲಗೆ ಹೋಗುವಾಗ ಒಂದನೇ ಗೇರಿನಿಂದ ಎರಡಕ್ಕೆ ಹಾಕಲು ಹೋದರೆ ಅದು ನೇರ ನಾಲ್ಕಕ್ಕೆ ದೂಡುತ್ತಿತ್ತು. ಅಮೆರಿಕದಲ್ಲಿ ಜಾಸ್ತಿ ಕುಡಿಯುವ ಕಾರುಗಳ ಮೇಲೆ 1978ರ ಕಾನೂನು ಹಾಕಿದ ತೆರಿಗೆಯಿಂದ ತಪ್ಪಿಸಿಕೊಳ್ಳುವ ದಾರಿ ಅದು. ಎಷ್ಟೋ ಮಾಲೀಕರು ಮೊದಲು ಮಾಡುತ್ತಿದ್ದ ಕೆಲಸವೇ ಅದನ್ನು ಬಿಚ್ಚಿಸುವುದು.

ಸಣ್ಣ ಟರ್ಬೊ ಎಂಜಿನ್ನುಗಳ ಬಗ್ಗೆ ಒಂದು ಎಚ್ಚರಿಕೆ. ಪೋರ್ಶೆ 911ರ ಸಾಧಾರಣ ಮಾದರಿಗೂ 2016ರ ಹೊತ್ತಿಗೆ ಮೂರು ಲೀಟರ್ ಟರ್ಬೊ ಬಂತು. ಮೆತ್ತಗೆ ಓಡಿಸಿದರೆ ಇಂಥ ಎಂಜಿನ್ನುಗಳು ನಿಜವಾಗಿಯೂ ಉಳಿಸುತ್ತವೆ. ಪೂರ್ತಿ ಒತ್ತಿದಾಗ ಕಥೆ ಬದಲಾಗುತ್ತದೆ. ಟರ್ಬೊ ವಿಪರೀತ ಬಿಸಿಯಾಗದಂತೆ ಎಷ್ಟೋ ಎಂಜಿನ್ನುಗಳು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಚಿಮ್ಮಿಸಿ ಅದರಿಂದಲೇ ತಂಪು ಮಾಡಿಕೊಳ್ಳುತ್ತವೆ. ನೀವು ಯಾವಾಗಲೂ ಒತ್ತಿಯೇ ಓಡಿಸುವವರಾದರೆ ಬ್ರೋಷರಿನ ಅಂಕಿ ನಿಮಗೆ ಸಿಗುವುದಿಲ್ಲ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೇಳಿದ್ದಕ್ಕೂ ಸಿಗುವುದಕ್ಕೂ ಅಂತರ ಸಾಮಾನ್ಯವಾಗಿ ಕಡಿಮೆ.

ಓಡಿಸುವ ರೀತಿ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 2008ರಲ್ಲಿ ಬ್ರಿಟನ್ನಿನ ಒಂದು ಟಿವಿ ಕಾರ್ಯಕ್ರಮ ಮಾಡಿದ ಪ್ರಯೋಗ ನೆನಪಾಗುತ್ತದೆ. ಟೊಯೋಟಾ ಪ್ರಿಯಸ್ಸನ್ನು ಟ್ರ್ಯಾಕಿನಲ್ಲಿ ಅದರ ಕೈಲಾದಷ್ಟು ಜೋರಾಗಿ ಓಡಿಸಿದರು. ಹಿಂದೆ ಒಂದು ಬಿಎಂಡಬ್ಲ್ಯು ಎಂ3 ಆರಾಮಾಗಿ ಅದನ್ನು ಹಿಂಬಾಲಿಸಿತು. ಕೊನೆಗೆ ಅಳೆದರೆ ಪ್ರಿಯಸ್ ಲೀಟರಿಗೆ ಸುಮಾರು 6.1 ಕಿ.ಮೀ. ಕೊಟ್ಟಿತ್ತು, ವಿ8 ಎಂಜಿನ್ನಿನ ಎಂ3 ಸುಮಾರು 6.9. ಇದರಿಂದ ಪ್ರಿಯಸ್ ಕೆಟ್ಟದ್ದು ಅಂತ ಆಗಲಿಲ್ಲ, ಊರೊಳಗೆ ಓಡಿಸಿದ್ದರೆ ಅದೇ ಎಷ್ಟೋ ಮುಂದೆ ಇರುತ್ತಿತ್ತು. ಯಾವ ಕಾರನ್ನು ಎಲ್ಲಿ, ಹೇಗೆ ಓಡಿಸುತ್ತೇವೆ ಅನ್ನುವುದನ್ನು ಬಿಟ್ಟು ಮೈಲೇಜ್ ಅನ್ನುವುದೇ ಇಲ್ಲ. ಹಾಗಾಗಿ ಕೊಳ್ಳುವ ಮುಂಚೆ ನಮ್ಮ ಓಡಾಟವನ್ನೇ ಮೊದಲು ನೋಡಬೇಕು. ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಹೋಗುವವರಾದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಸ್ಪೋರ್ಟ್ಸ್ ಕಾರುಗಳಲ್ಲಿ ಆಯಿಲ್ ಜಾಸ್ತಿ ಹಿಡಿಯುತ್ತದೆ, ಅದು ಕಾಯಲು ಇನ್ನೂ ಹೊತ್ತು. ತಣ್ಣಗಿನ ಎಂಜಿನ್ ಎರಡೂ ಕೈಯಲ್ಲಿ ಕುಡಿಯುತ್ತದೆ, ಸವೆಯುವುದೂ ಜಾಸ್ತಿ.

ಟ್ಯಾಂಕಿನ ಅಳತೆಯನ್ನು ಬಹಳ ಜನ ಕೇಳುವುದೇ ಇಲ್ಲ. ಇದು ನನಗೆ ಮೈಲೇಜಿನಷ್ಟೇ ಮುಖ್ಯ. 60 ಲೀಟರ್ ಟ್ಯಾಂಕು, ಲೀಟರಿಗೆ 6 ಕಿ.ಮೀ. ಅಂದರೆ 360 ಕಿ.ಮೀ. ಯಾರೂ ಕೊನೆಯ ಹನಿವರೆಗೆ ಓಡಿಸುವುದಿಲ್ಲ, 300 ದಾಟುವ ಹೊತ್ತಿಗೆ ಕಣ್ಣು ಬಂಕ್ ಹುಡುಕಲು ಶುರುಮಾಡುತ್ತದೆ. ಎಂಎಕ್ಸ್-5ರ ಟ್ಯಾಂಕು 45 ಲೀಟರ್ ಮಾತ್ರ. ಆದರೂ ಲೀಟರಿಗೆ 12ರ ಲೆಕ್ಕದಲ್ಲಿ ಅದು 500 ಕಿ.ಮೀ. ದಾಟುತ್ತದೆ. ಉದ್ದ ಪ್ರಯಾಣದಲ್ಲಿ, ಒಳ್ಳೆಯ ಪೆಟ್ರೋಲ್ ಸಿಗದ ಕಡೆ, ಇದು ಎಷ್ಟು ನೆಮ್ಮದಿ ಕೊಡುತ್ತದೆ ಅನ್ನುವುದು ದೂರ ಓಡಿಸುವವರಿಗೆ ಗೊತ್ತು. ಟ್ರ್ಯಾಕಿಗೆ ಹೋಗುವವರು ಇನ್ನೂ ಯೋಚಿಸಬೇಕು. ಅಲ್ಲಿ ಕಾರು ರಸ್ತೆಗಿಂತ ಮೂರು ಪಟ್ಟು ಕುಡಿದರೂ ಆಶ್ಚರ್ಯವಿಲ್ಲ. ಟ್ಯಾಂಕು ಕಡಿಮೆಯಾದಾಗ ಉದ್ದ ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಬದಿಗೆ ಸರಿದು, ಪಂಪಿಗೆ ಸಿಗದೆ ಎಂಜಿನ್ ತಡವರಿಸುವುದೂ ಇದೆ.

ಪೆಟ್ರೋಲಿನ ಆಕ್ಟೇನ್ (ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣದ ಅಂಕಿ) ಬಗ್ಗೆ ಎರಡೇ ಮಾತು. ಕಂಪನಿ 98 ಹಾಕಿ ಅಂದಿದ್ದರೆ ಅದನ್ನೇ ಹಾಕಬೇಕು. ಕಡಿಮೆಯದ್ದು ಹಾಕಿದರೆ ನಾಕ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿಯುವುದನ್ನು, ತಪ್ಪಿಸಲು ಎಂಜಿನ್ ಕಿಡಿ ಹೊಡೆಯುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಶಕ್ತಿಯೂ ಮೈಲೇಜೂ ಎರಡೂ ಇಳಿಯುತ್ತವೆ. ಬೇಡದ ಕಾರಿಗೆ ದುಬಾರಿ ಪೆಟ್ರೋಲ್ ಹಾಕಿದರೆ ಏನೂ ಸಿಗುವುದಿಲ್ಲ. ಟೈರಿನದ್ದೂ ಹೀಗೇ. ಅಗಲವಾದ, ಅಂಟುವ ಟೈರು ತಿರುವಿನಲ್ಲಿ ಹಿಡಿತ ಕೊಡುತ್ತದೆ, ನೇರ ರಸ್ತೆಯಲ್ಲಿ ಅದಕ್ಕೆ ಪೆಟ್ರೋಲ್ ತೆರಬೇಕು.

ವಿದ್ಯುತ್ ಸ್ಪೋರ್ಟ್ಸ್ ಕಾರಿನ ಬಗ್ಗೆ ಕೇಳುವವರಿಗೂ ಈ ಲೆಕ್ಕಗಳೇ ಅನ್ವಯ. ಮೋಟಾರು ತನಗೆ ಬಂದ ಶಕ್ತಿಯ ಶೇಕಡಾ 90ರಷ್ಟನ್ನು ಕೆಲಸಕ್ಕೆ ತಿರುಗಿಸುತ್ತದೆ, ಬ್ರೇಕಿನಲ್ಲಿ ಹೋಗುವ ಶಕ್ತಿಯಲ್ಲಿ ಒಂದಷ್ಟು ವಾಪಸ್ಸು ಬರುತ್ತದೆ. ಅರೆಬರೆ ಕೆಲಸಕ್ಕೆ ಅದು ಮುನಿಸಿಕೊಳ್ಳುವುದೂ ಇಲ್ಲ. 2008ರ ಟೆಸ್ಲಾ ರೋಡ್‌ಸ್ಟರ್ ಲೋಟಸ್ ಎಲೀಸ್‌ನ ಮೈಮೇಲೇ ಬೆಳೆದ ಕಾರು, 53 ಕಿಲೋವ್ಯಾಟ್-ಗಂಟೆ ಬ್ಯಾಟರಿಯಲ್ಲಿ 390 ಕಿ.ಮೀ. ಆಸುಪಾಸಿನ ಅಂಕಿ ಪಡೆದಿತ್ತು. ಹಗುರ ಕಾರಿನ ಮೇಲೆ ಕಟ್ಟಿದ್ದರ ಫಲ ಅದು. ಈಗಿನವು ಬಹಳಷ್ಟು ಎರಡು ಟನ್ ದಾಟುತ್ತವೆ. ಗಾಳಿ ಅವುಗಳಿಗೂ ರಿಯಾಯಿತಿ ಕೊಡುವುದಿಲ್ಲ, ಜೋರಾಗಿ ಹೋದರೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ.

ಹಾಗಾದರೆ ಕಾರು ನೋಡಲು ಹೋದಾಗ ಏನು ಮಾಡಬೇಕು? ಟೆಸ್ಟ್ ಡ್ರೈವ್‌ಗೆ ಕೂತ ಕೂಡಲೇ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಅರ್ಧ ದೂರ ನಿಮ್ಮ ದಿನನಿತ್ಯದ ಹಾಗೆ ಓಡಿಸಿ, ಇನ್ನರ್ಧ ಮನಸ್ಸಿಗೆ ಬಂದ ಹಾಗೆ. ಎರಡೂ ಅಂಕಿ ಬೇರೆ ಬೇರೆ ಬರೆದುಕೊಳ್ಳಿ. ಈ ಎರಡರ ನಡುವಿನ ಅಂತರ ಬ್ರೋಷರಿನ ಯಾವ ಸಾಲಿಗಿಂತಲೂ ಜಾಸ್ತಿ ಹೇಳುತ್ತದೆ. ಆಮೇಲೆ ನೂರನ್ನು ಭಾಗಿಸಿ ಲೀಟರಿಗೆ ತಂದು, ನಿಮ್ಮ ವರ್ಷದ ಓಡಾಟಕ್ಕೆ ಹಚ್ಚಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರಾದರೆ ಮೈಲೇಜ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಅದು ಕಾರಿನ ನಾಡಿ. ಅದೇ ಮಾದರಿಯ ಬೇರೆ ಕಾರುಗಳು 9 ಕೊಡುವಾಗ ಇದು ಅದೇ ರಸ್ತೆಯಲ್ಲಿ 7 ಕೊಟ್ಟರೆ ಎಲ್ಲೋ ಏನೋ ಸರಿಯಿಲ್ಲ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿರಬಹುದು. ಎಂಜಿನ್ನಿನ ಬಿಸಿ ಕಾಯುವ ಕವಾಟ, ಥರ್ಮೋಸ್ಟಾಟ್, ತೆರೆದೇ ಸಿಕ್ಕಿಕೊಂಡು ಎಂಜಿನ್ ಯಾವಾಗಲೂ ತಣ್ಣಗೇ ಇರಬಹುದು. ಬ್ರೇಕ್ ಕ್ಯಾಲಿಪರ್ ಬಿಗಿಹಿಡಿದು ಚಕ್ರವನ್ನು ಎಳೆಯುತ್ತಿರಬಹುದು, ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದಿಂದ ಮಾತ್ರ ಜಾಸ್ತಿ ಬಿಸಿ ಹೊಮ್ಮಿದರೆ ಅದೇ ಗುರುತು. ಅಲೈನ್‌ಮೆಂಟ್ ತಪ್ಪಿದ್ದರೆ ಟೈರಿನ ಒಂದು ಅಂಚು ಸವೆದಿರುತ್ತದೆ. ಎಂಜಿನ್ನಿನ ಟ್ಯೂನಿಂಗ್ ಬದಲಾಯಿಸಿ ಶಕ್ತಿ ಏರಿಸಿದ್ದರೂ ಅದು ಇಲ್ಲೇ ಸುಳಿವು ಕೊಡುತ್ತದೆ.

ಮಾರುವವರ ಹತ್ತಿರ "ಮೈಲೇಜ್ ಎಷ್ಟು?" ಅಂತ ಕೇಳಿದರೆ ಎಲ್ಲರೂ ಒಂದು ಒಳ್ಳೆಯ ಅಂಕಿ ಹೇಳುತ್ತಾರೆ. ನಾನು ಬೇರೆ ರೀತಿ ಕೇಳುತ್ತೇನೆ. ಕೊನೆಯ ಸಲ ಟ್ಯಾಂಕು ತುಂಬಿಸಿದ್ದು ಯಾವಾಗ, ಆಮೇಲೆ ಎಲ್ಲೆಲ್ಲಿಗೆ ಹೋಗಿ ಬಂದಿರಿ ಅಂತ. ಕಾರನ್ನು ಪ್ರೀತಿಯಿಂದ ಓಡಿಸಿದವರು ಈ ಪ್ರಶ್ನೆಗೆ ಖುಷಿಯಿಂದ ಉದ್ದಕ್ಕೆ ಉತ್ತರ ಕೊಡುತ್ತಾರೆ. ಹೋದ ರಸ್ತೆ, ಹತ್ತಿದ ಘಾಟಿ, ಬಂಕಿನಲ್ಲಿ ಹಿಡಿದ ಲೀಟರ್ ಎಲ್ಲ ಬಾಯಲ್ಲಿ ಬರುತ್ತದೆ. "ಏನೋ ಗೊತ್ತಿಲ್ಲ, ಜಾಸ್ತಿ ತೆಗೆಯುವುದೇ ಇಲ್ಲ" ಅಂದರೆ, ಯಾಕೆ ತೆಗೆಯುವುದಿಲ್ಲ ಅನ್ನುವುದು ನನ್ನ ಮುಂದಿನ ಪ್ರಶ್ನೆ.